ಒಂದು ಸುದ್ದಿಯ ಬೆನ್ನು ಹತ್ತುವುದು ಹೇಗೆ

ಬೇಕಾಗುವ ಸಾಮಾನು ಕಡಿಮೆ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಮನೆಗೆ ಬರುವ ಪೇಪರ್. ಟಿವಿ ಇದ್ದರೆ ಒಳ್ಳೆಯದು. ಮೊಬೈಲ್ ಹೇಗೂ ಕೈಯಲ್ಲೇ ಇರುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು. ಆದರೆ ಹಿಡಿದ ಸುದ್ದಿ ಮುಗಿಯುವ ತನಕ ಬಿಡಬಾರದು.

ಇದೆಲ್ಲ ಯಾಕೆ ಅಂತೀರಾ? ಟೀ ಅಂಗಡಿಯಲ್ಲಿ ಒಂದು ವಾದ ಯಾವಾಗಲೂ ನಡೆಯುತ್ತಿರುತ್ತದೆ. ಟಿವಿ, ಪೇಪರ್‌ನವರೇ ಜನರನ್ನು ಕೆಡಿಸಿದ್ದು ಅಂತ ಒಬ್ಬರು. ಜನ ನೋಡೋದನ್ನೇ ಅವರು ತೋರಿಸ್ತಾರೆ, ಅವರದೇನು ತಪ್ಪು ಅಂತ ಇನ್ನೊಬ್ಬರು. ನಾನು ಹಾಸನದವನು. ದಿನಪತ್ರಿಕೆಯೊಂದರ ಜಿಲ್ಲಾ ಪುಟಗಳ ಡೆಸ್ಕ್‌ನಲ್ಲಿ, ಅಂದರೆ ಬಂದ ಸುದ್ದಿಯನ್ನು ಆರಿಸಿ, ತಿದ್ದಿ ಪುಟಕ್ಕೆ ಹಾಕುವ ಕಡೆ, ಬಹಳ ವರ್ಷ ಕೂತು, ಈಗ ನಿವೃತ್ತನಾಗಿದ್ದೇನೆ. ಭಾನುವಾರ ಕಾಲೇಜು ಹುಡುಗ ಹುಡುಗಿಯರು ಕೆಲವರು ಬರುತ್ತಾರೆ, ಜೊತೆಗೆ ಕೂತು ಪೇಪರ್ ಓದುತ್ತೇವೆ. ಅವರಿಗೆ ನಾನು ಹೇಳುವುದು ಇಷ್ಟೇ: ಆ ಇಬ್ಬರೂ ಅರ್ಧ ಮಾತ್ರ ನೋಡಿದ್ದಾರೆ. ಸುದ್ದಿ ಸುತ್ತುತ್ತದೆ. ಜನರಿಂದ ಡೆಸ್ಕ್‌ಗೆ ಬರುತ್ತದೆ, ಡೆಸ್ಕ್‌ನಿಂದ ಜನರಿಗೆ ಹೋಗುತ್ತದೆ, ಜನ ಏನೋ ಮಾಡುತ್ತಾರೆ, ಮಾಡಿದ್ದು ಮತ್ತೆ ಸುದ್ದಿಯಾಗಿ ಡೆಸ್ಕ್‌ಗೆ ಬರುತ್ತದೆ. ಒಂದು ಸುತ್ತನ್ನು ಪೂರ್ತಿ ನೋಡಿದವರು ಆ ವಾದಕ್ಕೆ ಇಳಿಯುವುದಿಲ್ಲ. ನೋಡುವ ವಿಧಾನ ಕೆಳಗಿದೆ.

ಮೊದಲು ಒಂದೇ ಸುದ್ದಿ ಹಿಡಿಯಿರಿ

ರಾಜಕೀಯದ ಸುದ್ದಿ ಬೇಡ. ಅದರಲ್ಲಿ ಮನಸ್ಸು ಮೊದಲೇ ಒಂದು ಕಡೆ ವಾಲಿರುತ್ತದೆ. ಮೈಗೆ, ಜೇಬಿಗೆ, ಊರಿಗೆ ತಾಗುವ ಸುದ್ದಿ ತೆಗೆದುಕೊಳ್ಳಿ. ಚಿರತೆ ಕಾಟ, ಡೆಂಗಿ, ಟೊಮೆಟೊ ರೇಟು, ಯಾವುದಾದರೂ ಸರಿ. ದಿನವೂ ಬೆಳೆಯುತ್ತಿರಬೇಕು, ಅಷ್ಟೇ.

ನೋಟ್‌ಬುಕ್ ಬಿಡಿಸಿದಾಗ ಎರಡು ಪುಟ ಎದುರುಬದುರು ಸಿಗುತ್ತವಲ್ಲ? ಎಡಗಡೆ ಪುಟದಲ್ಲಿ ಪೇಪರ್, ಟಿವಿ, ಮೊಬೈಲ್ ಏನು ಹೇಳಿದವು ಅಂತ ತಾರೀಕು ಹಾಕಿ ಬರೆಯಿರಿ. ಬಲಗಡೆ ಜನ ಏನು ಮಾಡಿದರು ಅಂತ ಬರೆಯಿರಿ. ಜನ ಅಂದರೆ ಎಲ್ಲರೂ: ಪಕ್ಕದ ಮನೆಯವರು, ಮೆಡಿಕಲ್ ಶಾಪಿನವರು, ಅಧಿಕಾರಿಗಳು, ಮಂತ್ರಿಗಳು, ನೀವೂ ಸಹ. ಯಾವುದರಿಂದ ಯಾವುದು ಆಯಿತು ಅಂತ ಅನುಮಾನ ಬಂದ ಕಡೆ ಬಾಣ ಎಳೆಯಿರಿ. ಗಟ್ಟಿಯಾಗಿ ಗೊತ್ತಿದ್ದರೆ ಪೂರ್ತಿ ಗೆರೆ, ಊಹೆ ಮಾತ್ರ ಆದರೆ ಚುಕ್ಕಿ ಗೆರೆ. ಚುಕ್ಕಿ ಗೆರೆಯೇ ಜಾಸ್ತಿ ಇರುತ್ತದೆ. ಅದಕ್ಕೆ ಬೇಜಾರಾಗಬೇಡಿ.

ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ. 2025ರ ಮೇ, ಜೂನ್ ತಿಂಗಳ ಹೃದಯಾಘಾತದ ಸುದ್ದಿ ನಿಮಗೂ ನೆನಪಿರಬಹುದು.

ಎಡಗಡೆ: ಜೂನ್ ಕೊನೆ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತಕ್ಕೆ ಇನ್ನೊಬ್ಬರು ಬಲಿ. ಮಾರನೇ ದಿನ ಮತ್ತೊಬ್ಬರು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯವರು ನಲವತ್ತು ದಿನಕ್ಕೆ ಇಷ್ಟು ಸಾವು ಅಂತ ಪರದೆಯ ಮೂಲೆಯಲ್ಲಿ ಎಣಿಕೆ ಶುರು ಮಾಡಿದರು. ಬಲಗಡೆ: ಹಾಸನ, ಮೈಸೂರು ಕಡೆ ಆಸ್ಪತ್ರೆಗಳ ಮುಂದೆ ಜನ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವುದಕ್ಕೆ ಮೊದಲೇ ಕ್ಯೂ. ಮತ್ತೆ ಎಡಗಡೆ: ಈಗ ಆ ಕ್ಯೂ ಬ್ರೇಕಿಂಗ್ ನ್ಯೂಸ್. ಮತ್ತೆ ಬಲಗಡೆ: ಕ್ಯೂ ಇನ್ನೂ ಉದ್ದ.

ನಮ್ಮ ಮನೆಯವಳ ತಮ್ಮನೂ ಆ ಸಾಲಿನಲ್ಲಿದ್ದ. ಇನ್ನೂ ನಲವತ್ತು ದಾಟಿಲ್ಲ. ಎದೆ ಹಿಡಿದಂತಾಗುತ್ತೆ ಅಂತ ಮೈಸೂರು ಬಸ್ ಹತ್ತಿದ. ಸಾಲಿನಲ್ಲಿ ನಿಂತಿದ್ದಾಗ ಯಾವುದೋ ಚಾನೆಲ್‌ನ ಹುಡುಗ ಮೈಕ್ ಹಿಡಿದ. "ಭಯ ಆಗ್ತಿದೆ ಸಾರ್, ಅದಕ್ಕೇ ಬಂದೆ" ಅಂದ ಇವನು. ಇಸಿಜಿ ಸರಿ ಇತ್ತು. ಗ್ಯಾಸ್ಟ್ರಿಕ್ ಮಾತ್ರೆ ಬರೆಸಿಕೊಂಡು ವಾಪಸ್ ಬಂದ. ಅವನು ಊರು ಸೇರುವ ಹೊತ್ತಿಗೆ ಆ ಮಾತು ಟಿವಿಯಲ್ಲಿ ತಿರುಗಿ ತಿರುಗಿ ಬರುತ್ತಿತ್ತು. ರಿಪೋರ್ಟ್ ಸರಿ ಬಂದಿದ್ದು ಮಾತ್ರ ಬರಲಿಲ್ಲ. ಬರುವುದಾದರೂ ಹೇಗೆ, ಅವನು ಒಳಗೆ ಹೋಗುವ ಮೊದಲೇ ಕ್ಯಾಮೆರಾ ಬೇರೆ ಕಡೆ ಹೋಗಿತ್ತು. ಅದನ್ನು ನೋಡಿ ಅವನ ಅಣ್ಣ ಮರುದಿನ ಬೆಳಿಗ್ಗೆ ಮೈಸೂರಿಗೆ ಹೊರಟ. ನನ್ನ ನೋಟ್‌ಬುಕ್‌ನಲ್ಲಿ ಪೂರ್ತಿ ಗೆರೆಯ ಬಾಣ ಅಂತ ಇರುವುದು ಇದೊಂದೇ.

ಮುಂದಕ್ಕೆ ಹೋಗೋಣ. ಜುಲೈ 1: ಒಂದೇ ತಿಂಗಳಲ್ಲಿ ಹಾಸನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಒಂದು ಕಾರಣ ಇರಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಬರೆದರು. ಜುಲೈ 2: ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳಲ್ಲಿ ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಕಂಡಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಊರಿನ ಸಾವಿನ ಸುದ್ದಿ ಎರಡು ದಿನದಲ್ಲಿ ದೆಹಲಿ ಮುಟ್ಟಿ, ಲಸಿಕೆ ಜಗಳವಾಗಿ ವಾಪಸ್ ಬಂತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಹಾಸನದ ಸಾವುಗಳನ್ನು ನೋಡಿ ವರದಿ ಕೊಟ್ಟಿತು. ಸಮಿತಿ ನೋಡಿದ ಸಾವುಗಳು 24. ಹೃದಯಕ್ಕೆ ಸಂಬಂಧಪಟ್ಟವು 20. ಉಳಿದ ನಾಲ್ಕಕ್ಕೆ ಬೇರೆ ಕಾರಣ. ಹಿಂದಿಗಿಂತ ಅಸಹಜವಾದ ಏರಿಕೆ ಇಲ್ಲ ಅನ್ನುವುದು ವರದಿಯ ತಾತ್ಪರ್ಯ.

ಇಲ್ಲಿಗೆ ಬಂದಾಗ ಬಹಳ ಜನ ನೋಟ್‌ಬುಕ್ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ವರದಿ ಬಂದ ದಿನ ಅದು ಯಾವ ಪುಟದಲ್ಲಿ, ಎಷ್ಟು ಕಾಲಂನಲ್ಲಿ ಬಂತು, ಟಿವಿಯಲ್ಲಿ ಎಷ್ಟು ಹೊತ್ತು ಇತ್ತು ಅಂತ ಬರೆಯಿರಿ. ಪಕ್ಕದಲ್ಲಿ ಮೊದಲ ಸಾವುಗಳ ಸುದ್ದಿಗೆ ಸಿಕ್ಕ ಜಾಗ ಬರೆಯಿರಿ. ಎರಡನ್ನೂ ಸ್ಕೇಲ್ ಇಟ್ಟು ಅಳೆದರೆ ಇನ್ನೂ ಒಳ್ಳೆಯದು. ಭಯಕ್ಕೆ ಸಿಕ್ಕ ಜಾಗ ಸಮಾಧಾನಕ್ಕೆ ಸಿಗುವುದಿಲ್ಲ. ಆದರೆ ಹುಷಾರು, ಇಷ್ಟಕ್ಕೇ ಟಿವಿಯವರನ್ನು ಬೈಯಲು ಹೋಗಬೇಡಿ. ಇದೇ ಗದ್ದಲದ ನಡುವೆ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವನ್ನು ವರದಿ ಮಾಡಲೇಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಸರ್ಕಾರ ಹೇಳಿತು. ಗದ್ದಲ ಇಲ್ಲದಿದ್ದರೆ ಅದು ಅಷ್ಟು ಬೇಗ ಆಗುತ್ತಿತ್ತಾ? ನನಗಂತೂ ಅನುಮಾನ. ಅದನ್ನೂ ಬಲಗಡೆ ಪುಟದಲ್ಲಿ ಬರೆಯಿರಿ.

ಸಂಖ್ಯೆ ಕಂಡ ಕೂಡಲೇ "ಎಷ್ಟರಲ್ಲಿ?" ಅಂತ ಕೇಳಿ

ಪರದೆಯ ಮೇಲೆ ಒಂದು ಅಂಕಿ ಕಂಡರೆ ನೋಟ್‌ಬುಕ್‌ನಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಏನು ಬರಬೇಕು ಅಂತ ಹುಡುಕಿ. ಹಾಸನದ್ದು ಹೀಗೆ ಮಾಡಿದ್ದೆವು. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ 17,76,421 ಜನ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 6 ಜನ ಎಲ್ಲ ಕಾರಣಗಳೂ ಸೇರಿ ಸಾಯುತ್ತಾರೆ. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರದ ಮೇಲೆ. ದಿನಕ್ಕೆ ಹತ್ತಿರ ಹತ್ತಿರ 30. ನಲವತ್ತು ದಿನಕ್ಕೆ 1,200ರ ಆಸುಪಾಸು. ನಮ್ಮ ದೇಶದಲ್ಲಿ ಸಾವುಗಳ ಪೈಕಿ ಸುಮಾರು ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯವು. ಅಲ್ಲಿಗೆ ನಲವತ್ತು ದಿನದಲ್ಲಿ 300ರ ಹತ್ತಿರ ಬಂತು. ಇದು ಯಾವ ವರ್ಷ, ಯಾವ ನಲವತ್ತು ದಿನ ತೆಗೆದುಕೊಂಡರೂ ಬರುವ ಅಂದಾಜು ಲೆಕ್ಕ.

ಹಾಗಾದರೆ 24 ಅನ್ನುವ ಅಂಕಿಯಿಂದ ಏನು ತಿಳಿಯಿತು? ಹೆಚ್ಚೇನೂ ಇಲ್ಲ. ಸುದ್ದಿ ಇದ್ದದ್ದು ವಯಸ್ಸಿನಲ್ಲಿ. ಇಪ್ಪತ್ತು, ಮೂವತ್ತು ದಾಟದವರು ಯಾಕೆ ಸಾಯುತ್ತಿದ್ದಾರೆ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಕೇಳಬೇಕಾದರೆ ಕಳೆದ ವರ್ಷ ಇದೇ ತಿಂಗಳಲ್ಲಿ, ಇದೇ ವಯಸ್ಸಿನವರು ಎಷ್ಟು ಜನ ಸತ್ತಿದ್ದರು ಅನ್ನುವ ಲೆಕ್ಕ ಬೇಕು. ಆ ಲೆಕ್ಕ ಹುಡುಕಲು ದಿನಗಳು ಬೇಕು. ಎಣಿಕೆಯನ್ನು ಒಂದು ಕೂಡಿಸಿ ಪರದೆಗೆ ಹಾಕಲು ಒಂದು ನಿಮಿಷ ಸಾಕು. ಒಂದು ಸಲ ಎಣಿಕೆ ಶುರುವಾಯಿತು ಅಂದರೆ ಮೊದಲಾಗಿದ್ದರೆ ಡೆಸ್ಕ್‌ಗೆ ಬರದೇ ಇದ್ದ ಸಾವೂ ಬರುತ್ತದೆ. ತಾಲ್ಲೂಕಿನ ಬಿಡಿ ಸುದ್ದಿಗಾರ ಅಲ್ಲಿಯವರೆಗೆ ನಿಧನ ವಾರ್ತೆಯಲ್ಲಿ ನಾಲ್ಕು ಸಾಲು ಬರೆಯುತ್ತಿದ್ದವನು ಈಗ "ಇದೂ ಹಾರ್ಟ್ ಅಟ್ಯಾಕೇ ಸಾರ್" ಅಂತ ಫೋನ್ ಮಾಡುತ್ತಾನೆ. ಸಾವು ಜಾಸ್ತಿಯಾಗದೆ ಸಾವಿನ ಸುದ್ದಿ ಜಾಸ್ತಿಯಾಗುವುದು ಹೀಗೆ.

ಜಿಲ್ಲಾ ಪುಟಕ್ಕೆ ಪೆನ್ಸಿಲ್ ಗುರುತು

ಈಗ ನನ್ನ ಹಳೆಯ ಅಡುಗೆಮನೆಗೆ ಬನ್ನಿ. ಪೇಪರ್ ತೆಗೆದು ನಿಮ್ಮ ಜಿಲ್ಲೆಯ ಪುಟ ಬಿಡಿಸಿ. ಪ್ರತಿ ಸುದ್ದಿಯ ತಲೆಯ ಮೇಲೆ ಅದು ಎಲ್ಲಿಂದ ಬಂತು ಅಂತ ಒಂದಕ್ಷರ ಹಾಕುತ್ತಾ ಹೋಗಿ. ಪ್ರೆಸ್‌ನೋಟ್ ಆದರೆ "ಪ್ರೆ". ಕಾರ್ಯಕ್ರಮ ಆದರೆ "ಕಾ". ಪೊಲೀಸ್ ಠಾಣೆಯಿಂದ ಬಂದಿದ್ದರೆ "ಪೊ". ವರದಿಗಾರ ತಾನೇ ಹೋಗಿ ನೋಡಿ ಬರೆದಿದ್ದರೆ "ವ".

ಗುರುತಿಸುವುದು ಕಷ್ಟ ಏನಲ್ಲ. "ಅಭಿಪ್ರಾಯಪಟ್ಟರು", "ಕರೆ ನೀಡಿದರು", "ಕಿವಿಮಾತು ಹೇಳಿದರು" ಅಂತ ಮುಗಿದರೆ ಅದು ಕಾರ್ಯಕ್ರಮ. "ಪ್ರಕರಣ ದಾಖಲಾಗಿದೆ" ಅಂತ ಮುಗಿದರೆ ಠಾಣೆ. "ಪ್ರಕಟಣೆಯಲ್ಲಿ ತಿಳಿಸಿದ್ದಾರೆ" ಅಂದರೆ ಪ್ರೆಸ್‌ನೋಟ್, ಒಂದಕ್ಷರ ಬದಲಾಗದೆ ಬಂದಿದ್ದರೂ ಆಶ್ಚರ್ಯವಿಲ್ಲ. ಗೇಟಿನ ಹತ್ತಿರ ಕಸ ಹೇಗೆ ನಾರುತ್ತಿತ್ತು, ಮುದುಕಿಯ ಕೈಯಲ್ಲಿ ಯಾವ ಚೀಟಿ ಇತ್ತು ಅನ್ನುವಂಥ ಒಂದು ವಿವರ ಇದ್ದರೆ "ವ" ಹಾಕಿ. ಪುಟ ಮುಗಿದ ಮೇಲೆ ಎಣಿಸಿ. "ವ" ಎಷ್ಟು ಬಂತು ನೋಡಿ. ನಮ್ಮ ಭಾನುವಾರದ ಹುಡುಗರು ಮೊದಲ ಸಲ ಎಣಿಸಿದಾಗ ಗಟ್ಟಿಯಾಗಿ ನಕ್ಕುಬಿಟ್ಟರು.

ಆದರೆ ಉಳಿದ ಅಕ್ಷರಗಳನ್ನು ಕೀಳಾಗಿ ನೋಡಬೇಡಿ. ಪುಟವನ್ನು ಊರೇ ಕೂತು ಬರೆಯುತ್ತಿದೆ ಅಂತ ಅವು ಹೇಳುತ್ತವೆ. ಡೆಸ್ಕ್‌ನಲ್ಲಿ ಕೂತರೆ ಇದು ಚೆನ್ನಾಗಿ ಕಾಣುತ್ತದೆ. ಸಂಘದ ಕಾರ್ಯದರ್ಶಿ ಕಳಿಸುವ ಪ್ರೆಸ್‌ನೋಟ್‌ನ ಕೊನೆಗೆ ಹದಿನೈದು ಇಪ್ಪತ್ತು ಹೆಸರು, ಆಮೇಲೆ "ಮುಂತಾದವರು ಉಪಸ್ಥಿತರಿದ್ದರು". ಜಾಗ ಇಲ್ಲ ಅಂತ ನಾಲ್ಕು ಹೆಸರು ಕತ್ತರಿಸಿದರೆ ಬೆಳಿಗ್ಗೆ ಆರೂವರೆಗೆ ಫೋನ್. "ಸಾರ್, ಉಪಾಧ್ಯಕ್ಷರ ಹೆಸರು ಮುಂತಾದವರಿಗೆ ಹೋಗಿದೆ!" ಏಜೆಂಟ್ ಕೂಡ ಅದನ್ನೇ ಹೇಳುತ್ತಿದ್ದ: ಹೆಸರು ಬಂದವರ ಮನೆಯವರೆಲ್ಲ ಅವತ್ತು ಒಂದೊಂದು ಪೇಪರ್ ಜಾಸ್ತಿ ಕೊಳ್ಳುತ್ತಾರೆ. ಹಾಗಾಗಿ ಹೆಸರುಗಳು ಉಳಿದವು. ಹೆಸರು ಬರುತ್ತೆ ಅಂತ ಗೊತ್ತಾದ ಮೇಲೆ ಕಾರ್ಯಕ್ರಮಗಳು ಜಾಸ್ತಿಯಾದವು. ಹೆಸರು ಬರಲಿ ಅಂತಲೇ ಪದಾಧಿಕಾರಿಗಳೂ ಜಾಸ್ತಿಯಾದರು. ಒಂದು ಸಣ್ಣ ಸಂಘಕ್ಕೆ ಮೂವರು ಗೌರವಾಧ್ಯಕ್ಷರನ್ನು ನಾನೇ ನೋಡಿದ್ದೇನೆ.

ಪ್ರತಿಭಟನೆಗಳೂ ಪುಟದ ಟೈಮಿಗೆ ಹೊಂದಿಕೊಂಡವು. ಹಾಸನದ ಎನ್.ಆರ್. ವೃತ್ತದಲ್ಲಾಗಲಿ, ಡಿ.ಸಿ. ಆಫೀಸ್ ಮುಂದಾಗಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ ಒಂದು ಸಲ ನಿಂತು ನೋಡಿ. ಫೋಟೋಗ್ರಾಫರ್ ಬರುವವರೆಗೆ ಜನ ಮರದ ನೆರಳಲ್ಲಿ ಇರುತ್ತಾರೆ. ಅವರು ಬಂದ ಮೇಲೆ ಬ್ಯಾನರ್ ಬಿಚ್ಚುತ್ತದೆ, ಘೋಷಣೆ ಏರುತ್ತದೆ. ಮನವಿ ಪತ್ರ ಕೊಡುವಾಗ ಯಾರದೋ ಕೈ ಅಡ್ಡ ಬಂದರೆ "ಇನ್ನೊಂದ್ಸಲ ಕೊಡಿ ಸಾರ್" ಅನ್ನುತ್ತಾರೆ, ಅಧಿಕಾರಿ ಇನ್ನೊಂದು ಸಲ ತೆಗೆದುಕೊಳ್ಳುತ್ತಾರೆ. ಇದನ್ನು ನಾಟಕ ಅಂತ ತಳ್ಳಿಹಾಕಬೇಡಿ. ಬೇಡಿಕೆ ನಿಜವೇ ಇರುತ್ತದೆ. ಫೋಟೋ ಬರದಿದ್ದರೆ ಆ ಬೇಡಿಕೆಗೆ ಫೈಲ್ ಕೂಡ ತೆರೆಯುವುದಿಲ್ಲ ಅಂತ ಆ ಜನ ಅನುಭವದಿಂದ ಕಲಿತಿದ್ದಾರೆ. ಅದನ್ನು ಕಲಿಸಿದ್ದು ಅರ್ಧ ಸರ್ಕಾರ, ಅರ್ಧ ನಾವು.

"ಫಲಶ್ರುತಿ" ಅನ್ನುವ ಪಟ್ಟಿ ಕಂಡರೆ ಅದನ್ನಂತೂ ಬಿಡಬೇಡಿ. ರಸ್ತೆ ಗುಂಡಿ ಬಗ್ಗೆ ಪೇಪರ್‌ನಲ್ಲಿ ಬಂತು, ಗುಂಡಿ ಮುಚ್ಚಿತು, ವರದಿಯ ಫಲಶ್ರುತಿ ಅಂತ ಮತ್ತೆ ಫೋಟೋ. ಒಳ್ಳೆಯ ಕೆಲಸವೇ. ಆದರೆ ಬಲಗಡೆ ಪುಟದಲ್ಲಿ ಮುಂದಿನ ವಾರದ ಕಥೆ ಬರೆಯಿರಿ. ಫಲಶ್ರುತಿ ಬಂದ ಮಾರನೇ ದಿನ ಡೆಸ್ಕ್‌ಗೆ ಬೇರೆ ಬೀದಿಗಳಿಂದ ಫೋನ್ ಬರುತ್ತದೆ. ಜನ ಪಂಚಾಯ್ತಿಗೆ, ನಗರಸಭೆಗೆ ಹೋಗುವುದನ್ನು ಬಿಟ್ಟು ನೇರ ಪೇಪರ್‌ಗೆ ಬರುತ್ತಾರೆ. ಎಂಜಿನಿಯರ್ ಕೂಡ ಪೇಪರ್‌ನಲ್ಲಿ ಬಂದ ಗುಂಡಿಯನ್ನು ಮೊದಲು ಮುಚ್ಚಿಸುತ್ತಾನೆ. ಫೋನ್ ನಂಬರ್ ಗೊತ್ತಿಲ್ಲದ ಬೀದಿಯ ಗುಂಡಿ ಹಾಗೇ ಉಳಿಯುತ್ತದೆ.

ಇನ್ನೊಂದು ಕೆಲಸ. ಇದೇ ತಾರೀಕಿನ ಪೇಪರ್‌ನ ಬೇರೆ ಜಿಲ್ಲೆಯ ಆವೃತ್ತಿಯನ್ನು ಇ-ಪೇಪರ್‌ನಲ್ಲಿ ತೆಗೆಯಿರಿ. 1999ರಲ್ಲಿ ವಿಜಯ ಕರ್ನಾಟಕ ಬಂದು ಪೈಪೋಟಿ ಜೋರಾದ ಮೇಲೆ ಕನ್ನಡ ಪೇಪರ್‌ಗಳಲ್ಲಿ ಊರೂರಿನ ಆವೃತ್ತಿ, ಜಿಲ್ಲೆ ಪುಟಗಳ ಭರಾಟೆ ಹೆಚ್ಚಿತು. ಮೊದಲು ಪೇಪರ್‌ನಲ್ಲಿ ಕಾಣದಿದ್ದ ಹಳ್ಳಿಗಳು ಕಂಡವು. ಅದೇ ಹೊತ್ತಿಗೆ ಪಕ್ಕದ ಜಿಲ್ಲೆ ಕಾಣದಂತಾಯಿತು. ಹೇಮಾವತಿ ನೀರಿನ ಸುದ್ದಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ನದಿಗೆ ಕಟ್ಟೆ ಕಟ್ಟಿರುವುದು ನಮ್ಮ ಗೊರೂರಿನಲ್ಲಿ. ನೀರಿನ ಒಂದು ಪಾಲು ಹೋಗುವುದು ತುಮಕೂರಿಗೆ. 2025ರಲ್ಲಿ, ಆ ನೀರನ್ನು ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬೇಡ ಅಂತ ತುಮಕೂರು ಜಿಲ್ಲೆಯ ಗುಬ್ಬಿ ಕಡೆ ಗಲಾಟೆಯಾಯಿತು. ಅದೇ ಕೆನಾಲ್‌ಗೆ ಮಾಗಡಿ ಕಡೆಯವರು ಕಾಯುತ್ತಿದ್ದರು. ಇಂಥ ಸುದ್ದಿ ಬಂದಾಗ ಮೂರೂ ಕಡೆಯ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿ. ಯಾವ ಪುಟದಲ್ಲಿ ಯಾರ ಮಾತಿಗೆ ಉದ್ಧರಣ ಚಿಹ್ನೆ ಸಿಕ್ಕಿದೆ, ಯಾರನ್ನು ಬರೀ "ಕೆಲವರು" ಅಂದಿದ್ದಾರೆ ಅಂತ ನೋಡಿದರೆ ಸಾಕು.

ಟಿವಿ ಮುಂದೆ ಕೂತಾಗ

ಟಿವಿಯವರಿಗೆ ಜನ ಏನು ನೋಡುತ್ತಾರೆ ಅಂತ ಗೊತ್ತಾಗುವುದು ಟಿಆರ್‌ಪಿಯಿಂದ. ಅದನ್ನು ಅಳೆಯುವ ಬಾರ್ಕ್ ಸಂಸ್ಥೆ ಕೆಲವು ಮನೆಗಳಲ್ಲಿ ಮೀಟರ್ ಇಟ್ಟಿರುತ್ತದೆ. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇದ್ದ ಮನೆ ಸುಮಾರು 21 ಕೋಟಿ, ಮೀಟರ್ ಇದ್ದ ಮನೆ ಸುಮಾರು 44,000. ಭಾಗಿಸಿ ನೋಡಿ, ಒಂದು ಮೀಟರ್ ಮನೆಯ ಹಿಂದೆ ಹತ್ತಿರ ಹತ್ತಿರ 4,800 ಮನೆ. ಆ ಮನೆಯವರು ಚಾನೆಲ್ ಬದಲಿಸಿದರೆ ಅಷ್ಟು ಮನೆ ಬದಲಿಸಿದ ಲೆಕ್ಕ. ಮಾದರಿ ತೆಗೆದು ಅಳೆಯುವುದರಲ್ಲಿ ತಪ್ಪೇನಿಲ್ಲ, ಆದರೆ ಕನ್ನಡದ ನ್ಯೂಸ್ ಚಾನೆಲ್‌ಗಳು ಕಿತ್ತಾಡುವುದು ಅದರಲ್ಲೂ ಒಂದು ಸಣ್ಣ ಪಾಲು ಮನೆಗಳಿಗಾಗಿ ಅನ್ನುವುದು ನೆನಪಿರಲಿ. ಮೀಟರ್ ಮನೆಗಳಿಗೆ ದುಡ್ಡು ಕೊಟ್ಟು ರೇಟಿಂಗ್ ತಿದ್ದಿದ ಆರೋಪ ಬಂದಾಗ, 2020ರ ಅಕ್ಟೋಬರ್‌ನಲ್ಲಿ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟು ದಿನ ರೇಟಿಂಗ್ ಇರಲಿಲ್ಲ, ಕೂಗಾಟ ಕಡಿಮೆಯಾಯಿತಾ? ನನಗೆ ಹಾಗೆ ಅನ್ನಿಸಲಿಲ್ಲ. ಅಷ್ಟರಲ್ಲಿ ಯೂಟ್ಯೂಬ್‌ನ ವ್ಯೂಸ್ ಎಲ್ಲರ ಕಣ್ಣ ಮುಂದೆ ಇತ್ತು.

ಟಿವಿ ನೋಡುವಾಗ ನೋಟ್‌ಬುಕ್‌ನಲ್ಲಿ ಮೂರು ವಿಷಯ ಬರೆಯಿರಿ ಸಾಕು. ತೋರಿಸುತ್ತಿರುವ ದೃಶ್ಯ ಇವತ್ತಿನದಾ, ಹಳೆಯದಾ. ಒಂದೇ ದೃಶ್ಯ ಎಷ್ಟು ಸಲ ಬಂತು. ಬ್ರೇಕ್‌ನಲ್ಲಿ ಯಾವ ಜಾಹೀರಾತು ಬಂತು. ಸೌಂಡ್ ಆಫ್ ಮಾಡಿ ಐದು ನಿಮಿಷ ನೋಡುವುದೂ ಒಳ್ಳೆಯದು. ಆ ಸಂಗೀತ ಇಲ್ಲದಿದ್ದರೆ ಆಸ್ಪತ್ರೆ ಮುಂದಿನ ಸಾಲು ಬರೀ ಆಸ್ಪತ್ರೆ ಮುಂದಿನ ಸಾಲಿನ ಹಾಗೆಯೇ ಕಾಣುತ್ತದೆ.

ಯಾರಿಗೆ ಹೆಸರಿದೆ, ಯಾರಿಗಿಲ್ಲ

ಸುದ್ದಿಯಲ್ಲಿ ಬಂದವರ ಪಟ್ಟಿ ಮಾಡಿ. ಹೆಸರು, ಫೋಟೋ, ಹಿಂದಿನ ಕಥೆ ಇದ್ದವರು ಯಾರು, ಬರೀ "ವ್ಯಕ್ತಿ", "ಕಾರ್ಮಿಕ", "ಮಹಿಳೆ" ಆಗಿ ಹೋದವರು ಯಾರು ಅಂತ ಬೇರೆ ಮಾಡಿ.

2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತವನು. ಪ್ರತಿ ದಸರಾದಲ್ಲೂ ಟಿವಿಯಲ್ಲಿ ಅವನ ತೂಕ, ಊಟ, ನಡಿಗೆ ಎಲ್ಲ ನೋಡಿ ರಾಜ್ಯಕ್ಕೆಲ್ಲ ಅವನು ಮನೆಯವನೇ ಆಗಿದ್ದ. ಜನ ಅತ್ತರು, ಸಿಟ್ಟಾದರು, ಸ್ಮಾರಕ ಕಟ್ಟಬೇಕು ಅಂದರು. ಸ್ಮಾರಕ ಕಟ್ಟುತ್ತೇವೆ ಅಂತ ಮುಖ್ಯಮಂತ್ರಿಯೂ ಹೇಳಿದರು. ಆ ದುಃಖ ಸುಳ್ಳಲ್ಲ. ಆದರೆ ಇದೇ ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಫಿ ತೋಟಕ್ಕೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಕೂಲಿಯವರು ಆನೆ ತುಳಿದು ಸತ್ತಾಗ, ನಾನೇ ಅದನ್ನು ಒಂದು ಕಾಲಂಗೆ ಇಳಿಸಿ ಪುಟ ಮುಗಿಸಿದ್ದೇನೆ. ಆಗ ನನಗೂ ಪುಟದ ಮೇಲೆ ಇದ್ದದ್ದು ಒಂದು ಕಾಲಂ ಜಾಗವೇ. ಅವರ ಮುಖ ಯಾರಿಗೂ ಪರಿಚಯ ಇರಲಿಲ್ಲ. ಮುಖ ಪರಿಚಯ ಇಲ್ಲದವರ ಸುದ್ದಿಯನ್ನು ಓದುಗರು ದಾಟಿ ಹೋಗುತ್ತಾರೆ, ಓದುಗರು ದಾಟುವ ಸುದ್ದಿಗೆ ಡೆಸ್ಕ್ ಜಾಗ ಕೊಡುವುದಿಲ್ಲ, ಜಾಗ ಇಲ್ಲದ್ದರಿಂದ ಮುಖ ಪರಿಚಯ ಆಗುವುದೇ ಇಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿ ಎರಡನೇ ಪಟ್ಟಿ ಉದ್ದ ಇದ್ದರೆ ಅದರಲ್ಲಿ ಒಬ್ಬರ ಊರಿಗೆ ಹೋಗಿ ಬನ್ನಿ. ನಮ್ಮ ಗುಂಪಿನ ಹುಡುಗಿಯೊಬ್ಬಳು ಹಾಗೆ ಹೋಗಿ ಬರೆದದ್ದು ಸ್ಥಳೀಯ ಪತ್ರಿಕೆಯಲ್ಲಿ ಅರ್ಧ ಪುಟ ಬಂತು.

ಮೊಬೈಲ್: ಇಲ್ಲಿ ಡೆಸ್ಕ್ ನೀವೇ

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಿಡಿಯೋ ರಾಜ್ಯದ ತುಂಬ ಓಡಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಅರಿವು ಮೂಡಿಸಲು ಮಾಡಿದ ವಿಡಿಯೋ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಸಂದೇಶದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವ ಕಾರಣಕ್ಕೆ ಶುರುವಾದ ಅನುಮಾನ, ವಾಟ್ಸಾಪ್‌ನಲ್ಲಿ ಕಾರಿಗಿಂತ ಮುಂದೆ ಓಡಿ, ದಾರಿಗೆ ಅಡ್ಡ ಹಾಕಿಸಿ, ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ತೆಗೆಯಿತು. ಅದೇ ತಿಂಗಳು ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚು ಫಾರ್ವರ್ಡ್ ಆಗದಂತೆ ವಾಟ್ಸಾಪ್ ಮಿತಿ ತಂದಿತು. 2020ರ ಏಪ್ರಿಲ್‌ನಿಂದ ಎರಡು ಬಾಣದ ಗುರುತು ಇರುವ, ಅಂದರೆ ಆಗಲೇ ಬಹಳ ಸಲ ಫಾರ್ವರ್ಡ್ ಆಗಿರುವ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ.

ಹಾಗಾಗಿ ಎರಡು ಬಾಣ ಕಂಡರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ "ಇದು ನಿಮಗೆ ಯಾರಿಂದ ಬಂತು?" ಅಂತ ಕೇಳಿ. ಅತ್ತೆ, ಮಾವ, ಚಿಕ್ಕಪ್ಪ ಇರುವ ಗ್ರೂಪ್‌ನಲ್ಲಿ ಎಲ್ಲರ ಮುಂದೆ "ಸುಳ್ಳು" ಅನ್ನಬೇಡಿ, ಅವರು ಪಟ್ಟು ಹಿಡಿಯುತ್ತಾರೆ. ಬೇರೆಯಾಗಿ ಫೋನ್ ಮಾಡಿ, ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಡಿಯೋ ವಿಷಯ ತೆಗೆಯಿರಿ. ನಮ್ಮ ಚಿಕ್ಕಮ್ಮನ ಜೊತೆ ಇದು ಕೆಲಸ ಮಾಡಿದೆ. ಚಿಕ್ಕಪ್ಪನ ಜೊತೆ ಇನ್ನೂ ಮಾಡಿಲ್ಲ.

ಇದೇ ವಾಟ್ಸಾಪ್ ಬೇರೆ ರೀತಿಯಲ್ಲೂ ಸುತ್ತಿದೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆಯಲ್ಲಿ ಬರೆಯುವವರು ಬಹಳ ಮಟ್ಟಿಗೆ ಕೃಷಿಕರೇ. ಅದರ ಸಂಪಾದಕ ಶ್ರೀಪಡ್ರೆಯವರು 2021ರಲ್ಲಿ ಬಾಳೆಕಾಯಿ ಹುಡಿಯ ವಿಷಯ ಎತ್ತಿದರು. ಬಾಳೆಗೆ ರೇಟು ಬಿದ್ದಿದ್ದ ಲಾಕ್‌ಡೌನ್ ಸಮಯ. ಮನೆಯಲ್ಲೇ ಬಾಳೆಕಾಯಿ ಒಣಗಿಸಿ ಹುಡಿ ಮಾಡಿದವರು ಫೋಟೋ ಹಾಕಿದರು, ಅದನ್ನು ನೋಡಿ ಇನ್ನೊಬ್ಬರು ಮಾಡಿದರು, ಆ ಹುಡಿಯಲ್ಲಿ ಬಗೆಬಗೆಯ ತಿಂಡಿ ಮಾಡಿ ಅಳತೆ ಹಂಚಿಕೊಂಡರು. "ಬಾಕಾಹು" ಅಂತ ಹೆಸರೂ ಬಿತ್ತು. ಮುರ್ಕಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ: ಇಲ್ಲಿ ಕಳಿಸಿದವರ ಹೆಸರಿತ್ತು, ಊರಿತ್ತು, ಫೋನ್ ಮಾಡಿ "ಅಕ್ಕಾ, ಎಷ್ಟು ದಿನ ಒಣಗಿಸಿದ್ರಿ?" ಅಂತ ಕೇಳಬಹುದಿತ್ತು.

ಸುತ್ತಿಗೆ ಕೈ ಹಾಕುವುದು

ನೋಟ್‌ಬುಕ್ ತುಂಬಿದ ಮೇಲೆ ಸುಮ್ನೆ ಕೂರಬೇಡಿ, ಸಂಪಾದಕರಿಗೆ ಪತ್ರ ಬರೆಯಿರಿ. ಪತ್ರಗಳನ್ನು ಯಾರೂ ಓದುವುದಿಲ್ಲ ಅನ್ನುವುದು ಸುಳ್ಳು. ಬೈಗುಳದ ಪತ್ರ ಓದುವುದಿಲ್ಲ, ಅಷ್ಟೇ. ತಾರೀಕು, ಪುಟ, ತಲೆಬರಹ ಹಾಕಿ ಬರೆದ ಪತ್ರ ಬಂದರೆ ಡೆಸ್ಕ್‌ನಲ್ಲಿ ಒಂದು ಕ್ಷಣ ಮೌನ ಆಗುತ್ತದೆ. ಮಾದರಿ ಹೀಗಿರಲಿ:

"ಮಾನ್ಯ ಸಂಪಾದಕರೇ, ಇಂಥ ತಾರೀಕಿನ ಜಿಲ್ಲಾ ಪುಟ 2ರಲ್ಲಿ ಹೃದಯಾಘಾತದಿಂದ ಯುವಕ ಸಾವು ಎಂಬ ಸುದ್ದಿ ಇದೆ. ಹೃದಯಾಘಾತ ಎಂದು ಹೇಳಿದವರು ವೈದ್ಯರೇ, ಮನೆಯವರೇ ಎಂಬುದು ಸುದ್ದಿಯಲ್ಲಿಲ್ಲ. ಮರಣೋತ್ತರ ಪರೀಕ್ಷೆ ಆಗಿದ್ದರೆ ಅದರ ಫಲಿತಾಂಶವನ್ನು, ಬಂದ ಮೇಲೆ, ಇದೇ ಪುಟದಲ್ಲಿ ಇಷ್ಟೇ ಜಾಗದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ."

ಇಷ್ಟು ಸಾಕು. ಉಪದೇಶ ಬೇಡ. ಚೆನ್ನಾಗಿ ಬಂದ ವರದಿಗೂ ಹೀಗೇ ಬರೆಯಿರಿ, ವರದಿಗಾರನ ಹೆಸರು ಹಾಕಿ. ಹೋಗಿ ನೋಡಿ ಬರೆದ "ವ" ಸುದ್ದಿಗೆ ಎರಡು ಮೆಚ್ಚುಗೆ ಪತ್ರ ಬಂದರೆ, ಮುಂದಿನ ಸಲ ಅವನಿಗೆ ಬೈಕ್ ಪೆಟ್ರೋಲ್ ಬಿಲ್ ಪಾಸಾಗುವುದು ಸುಲಭ.

ದೊಡ್ಡ ತಪ್ಪಾಗಿದ್ದು ಪತ್ರಿಕೆ ತಿದ್ದದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ದಂಡ ಹಾಕುವ ಅಧಿಕಾರ ಮಂಡಳಿಗಿಲ್ಲ, ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ಟಿವಿ ಬಗ್ಗೆ ಆದರೆ 2021ರ ನಿಯಮದ ಪ್ರಕಾರ ಮೊದಲು ಚಾನೆಲ್‌ಗೇ ಬರೆಯಬೇಕು, ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು, ಸಮಾಧಾನವಾಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬೇಕು. ಕಾರ್ಯಕ್ರಮ ಬಂದ ದಿನ, ಸಮಯ ಬರೆದಿಟ್ಟಿರಬೇಕು, ಯೂಟ್ಯೂಬ್ ಲಿಂಕ್ ಇದ್ದರೆ ಅದನ್ನೂ. ಅವರು ವಿಡಿಯೋ ತೆಗೆದುಬಿಡುವ ಮೊದಲೇ ಸ್ಕ್ರೀನ್ ರೆಕಾರ್ಡ್ ಮಾಡಿಕೊಳ್ಳಿ. ಸಂಪಾದಕರಿಗೆ ಬರೆದ ಪತ್ರದ ನಕಲು ಮತ್ತು ರಿಜಿಸ್ಟರ್ಡ್ ಪೋಸ್ಟಿನ ರಸೀದಿ ನೋಟ್‌ಬುಕ್‌ನ ಕೊನೆಯ ಪುಟಕ್ಕೆ ಅಂಟಿಸಿಡಿ. ಮೊದಲು ಸಂಪಾದಕರಿಗೆ ಬರೆದಿದ್ದೀರಾ ಅಂತ ಪತ್ರಿಕಾ ಮಂಡಳಿ ಕೇಳುತ್ತದೆ.